ಫೂಟಿ ಹುಡುಗರು ಇಷ್ಟು ಬೇಗ ಯಾಕೆ ಕಾಣೆಯಾಗುತ್ತಾರೆ?

ಪ್ರಶ್ನೆ: ನಾವು ಮೆಲ್ಬರ್ನ್‌ಗೆ ಬಂದು ಮೂರು ವರ್ಷ ಆಯಿತು. ಮಗನ ದೆಸೆಯಿಂದ ನಾನೂ ಫೂಟಿ, ಅಂದರೆ ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್, ನೋಡೋದು ಕಲಿತೆ. ಅವನಿಗೆ ತುಂಬ ಇಷ್ಟವಾಗಿದ್ದ ಆಟಗಾರನೊಬ್ಬ ಈ ವರ್ಷ ತಂಡದಲ್ಲೇ ಇಲ್ಲ. ವಯಸ್ಸು ಬರೀ 21, ಗಾಯವೂ ಇರಲಿಲ್ಲ. ಇವರೆಲ್ಲ ಇಷ್ಟು ಬೇಗ ಯಾಕೆ ನಿವೃತ್ತಿ ತೆಗೆದುಕೊಳ್ಳುತ್ತಾರೆ?

ಉತ್ತರ: ನಿಮ್ಮ ಮಗನ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಆ ಹುಡುಗ ನಿವೃತ್ತಿ ತೆಗೆದುಕೊಂಡಿರುವುದಿಲ್ಲ. ಅವನನ್ನು ಬಿಟ್ಟಿರುತ್ತಾರೆ. ಇಲ್ಲಿನವರು ಅದಕ್ಕೆ ‘ಡೀಲಿಸ್ಟ್’ ಅನ್ನುತ್ತಾರೆ. ಫೂಟಿಯ ಅತಿ ದೊಡ್ಡ ಲೀಗ್ ಆದ ಎಎಫ್‌ಎಲ್‌ನಲ್ಲಿ ಜಾಸ್ತಿ ಜನರ ಆಟ ಮುಗಿಯುವುದು ಹೀಗೇ. ಹೂಗುಚ್ಛ, ಭಾಷಣ, ಕೊನೇ ಸಲ ಮೈದಾನ ಸುತ್ತುವುದು, ಇದೆಲ್ಲ ಸಿಗುವುದು ಕೆಲವರಿಗೆ ಮಾತ್ರ.

ಲೆಕ್ಕ ನೋಡಿ. ಲೀಗಿನಲ್ಲಿ ಈಗ 18 ಕ್ಲಬ್‌ಗಳಿವೆ. ಒಂದೊಂದು ಕ್ಲಬ್ಬಿನ ಪಟ್ಟಿಯಲ್ಲಿ ನಲವತ್ತರ ಆಸುಪಾಸು ಆಟಗಾರರು. ಪಂದ್ಯದ ದಿನ ಬೇಕಾಗುವುದು 23 ಜನ. ಉಳಿದವರಲ್ಲಿ ಗಾಯ ಇಲ್ಲದವರು ಕೆಳಗಿನ ಹಂತದ ತಂಡದಲ್ಲಿ ಆಡಿಕೊಂಡು ಕರೆ ಬರಲಿ ಎಂದು ಕಾಯಬೇಕು. ಪ್ರತಿ ನವೆಂಬರಿನಲ್ಲಿ ಡ್ರಾಫ್ಟ್, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ, ನಡೆಯುತ್ತದೆ, 18ರ ಹೊಸ ಹುಡುಗರು ಬರುತ್ತಾರೆ. ಪಟ್ಟಿ ಮಾತ್ರ ಬೆಳೆಯುವುದಿಲ್ಲ. ಎಷ್ಟು ಜನ ಒಳಗೆ ಬಂದರೋ ಅಷ್ಟು ಜನ ಹೊರಗೆ ಹೋಗಲೇಬೇಕು.

ಡ್ರಾಫ್ಟ್‌ನಲ್ಲಿ ಯಾವ ಕ್ಲಬ್ ಕರೆಯುತ್ತದೋ ಅಲ್ಲಿಗೇ ಹೋಗಬೇಕು, ಹುಡುಗನ ಆಯ್ಕೆ ಅಂತ ಏನಿಲ್ಲ. ಪರ್ತ್‌ನಲ್ಲಿ ಅಪ್ಪ ಅಮ್ಮನ ಜೊತೆ ಇದ್ದು ಆಗಷ್ಟೇ ಶಾಲೆ ಮುಗಿಸಿದ ಹುಡುಗ, ದೇಶದ ಇನ್ನೊಂದು ತುದಿಯ ಬ್ರಿಸ್ಬೇನ್‌ಗೆ ಹೋಗಿ, ಇನ್ಯಾರದೋ ಮನೆಯಲ್ಲಿ ಇದ್ದುಕೊಂಡು, 27-28ರ ಗಟ್ಟಿ ಗಂಡಸರ ಎದುರು ಜಾಗ ಗಿಟ್ಟಿಸಿಕೊಳ್ಳಬೇಕು. ಮೊದಲ ಒಪ್ಪಂದ ಸಾಮಾನ್ಯವಾಗಿ 2 ವರ್ಷದ್ದು. ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿಗೆ ಈಚೆಗೆ 3 ವರ್ಷ ಸಿಗುತ್ತಿದೆ. ಎತ್ತರದ ಆಟಗಾರರ ಮೈ ಕಟ್ಟಾಗುವುದಕ್ಕೇ ನಾಲ್ಕೈದು ವರ್ಷ ಬೇಕು. ಕ್ಲಬ್ಬಿಗೆ ಅಷ್ಟು ತಾಳ್ಮೆ ಇದ್ದರೆ ಅದು ಹುಡುಗನ ಅದೃಷ್ಟ.

ಇನ್ನೊಂದು ವಿಷಯ ನಮ್ಮಂಥವರಿಗೆ ಬೇಗ ಹೊಳೆಯುವುದಿಲ್ಲ. ಕ್ರಿಕೆಟಿಗನಿಗೆ ಐಪಿಎಲ್ ತಪ್ಪಿದರೆ ರಣಜಿ ಇದೆ, ಬೇರೆ ದೇಶದ ಲೀಗ್ ಇದೆ. ಫುಟ್‌ಬಾಲ್ (ಸಾಕರ್) ಆಡುವವನಿಗೆ ಇನ್ನೊಂದು ದೇಶ, ಎರಡನೇ ಡಿವಿಷನ್ ಅಂತ ಏನಾದರೂ ಇರುತ್ತದೆ. ಈ ಆಟಕ್ಕೆ ಪೂರ್ತಿ ಸಂಬಳ ಕೊಡುವ ಗಂಡಸರ ಲೀಗ್ ಜಗತ್ತಿನಲ್ಲೇ ಒಂದು. ಅದರ ಕೆಳಗಿನ ವಿಎಫ್‌ಎಲ್, ಎಸ್‌ಎಎನ್‌ಎಫ್‌ಎಲ್, ಡಬ್ಲ್ಯೂಎಎಫ್‌ಎಲ್‌ ಎಂಬ ರಾಜ್ಯ ಮಟ್ಟದ ಲೀಗ್‌ಗಳಲ್ಲಿ ಆಡುವವರು ಸಾಮಾನ್ಯವಾಗಿ ಪಕ್ಕಕ್ಕೊಂದು ಕೆಲಸ ಇಟ್ಟುಕೊಂಡಿರುತ್ತಾರೆ. ಹಾಗಾಗಿ 21ಕ್ಕೆ ಕೈಬಿಟ್ಟುಹೋದ ಹುಡುಗ ಮಾರನೇ ದಿನದಿಂದ ಎಲೆಕ್ಟ್ರಿಷಿಯನ್ ಕೆಲಸವನ್ನೋ ಕಾಲೇಜನ್ನೋ ಹುಡುಕಬೇಕು, ವಾರಾಂತ್ಯದಲ್ಲಿ ಊರಿನ ಕ್ಲಬ್ಬಿಗೆ ಆಡಬೇಕು.

ಇನ್ನು ಮೈ ಕೈಕೊಡುವುದು. ಕ್ರಿಕೆಟ್ ಮೈದಾನದಷ್ಟು ದೊಡ್ಡ ಜಾಗದಲ್ಲಿ ಮಧ್ಯಭಾಗದ ಆಟಗಾರರು ಒಂದು ಪಂದ್ಯಕ್ಕೆ 12ರಿಂದ 15 ಕಿಲೋಮೀಟರ್ ಓಡುತ್ತಾರೆ. ಡಿಕ್ಕಿ ಯಾವ ಕಡೆಯಿಂದ ಬೇಕಾದರೂ ಬರಬಹುದು. ಅಲೆಕ್ಸ್ ಜಾನ್ಸನ್ ಕಥೆ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. 2012ರಲ್ಲಿ ಅವರ ತಂಡ ಸಿಡ್ನಿ ಸ್ವಾನ್ಸ್ ಗ್ರ್ಯಾಂಡ್ ಫೈನಲ್ (ಸೀಸನ್‌ನ ಅಂತಿಮ ಪಂದ್ಯ) ಗೆದ್ದಾಗ ಅವರಿಗೆ 20 ವರ್ಷ. ಮುಂದಿನ ಸೀಸನ್ ಶುರುವಾಗುವ ಮೊದಲೇ ಎಡ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್, ಚೇತರಿಕೆ, ಮತ್ತೆ ಅದೇ ಮಂಡಿ, ಮತ್ತೆ ಆಪರೇಷನ್, ಹೀಗೇ ವರ್ಷಗಳು ಕಳೆದವು. 2018ರ ಆಗಸ್ಟ್‌ನಲ್ಲಿ, 2136 ದಿನ ಆದಮೇಲೆ, ಅವರು ಮತ್ತೆ ಮೈದಾನಕ್ಕೆ ಬಂದರು. ಆ ದಿನ ಸಿಡ್ನಿ ಕಾಲಿಂಗ್‌ವುಡ್ ವಿರುದ್ಧ ಗೆದ್ದಿತು. ಮರುವಾರ ಮೆಲ್ಬರ್ನ್ ವಿರುದ್ಧದ ಪಂದ್ಯದಲ್ಲಿ ಬಲ ಮಂಡಿ ಹೋಯಿತು. ಒಟ್ಟು ಆಡಿದ್ದು 47 ಪಂದ್ಯ. ಅದರಲ್ಲಿ 45 ಮೊದಲ ಎರಡೇ ವರ್ಷದಲ್ಲಿ.

ತಲೆಗೆ ಬೀಳುವ ಪೆಟ್ಟು ಇನ್ನೂ ಕೆಟ್ಟದ್ದು. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ 2024ರಲ್ಲಿ, 28ನೇ ವಯಸ್ಸಿಗೆ, ವೈದ್ಯರ ಸಲಹೆಯ ಮೇಲೆ ಆಟ ನಿಲ್ಲಿಸಬೇಕಾಯಿತು.

ತಾವಾಗಿಯೇ ಬಿಡುವವರೂ ಇದ್ದಾರೆ. ಟಾಮ್ ಬಾಯ್ಡ್ 2013ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು. ಒಂದೇ ವರ್ಷಕ್ಕೆ ವೆಸ್ಟರ್ನ್ ಬುಲ್‌ಡಾಗ್ಸ್ ಅವರನ್ನು 7 ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್ ಕೊಟ್ಟು ಕರೆತಂದಿತು. 2016ರ ಗ್ರ್ಯಾಂಡ್ ಫೈನಲ್‌ನ ಕೊನೆಯ ಕ್ವಾರ್ಟರ್‌ನಲ್ಲಿ, ಅಷ್ಟು ದೂರದಿಂದ ಅವರು ಒದ್ದ ಚೆಂಡು ಪುಟಿಯುತ್ತಾ ಪುಟಿಯುತ್ತಾ ಗೋಲಿನೊಳಗೆ ಹೋಯಿತು, ಅದನ್ನು ನಿಮ್ಮ ಮಗನಿಗೆ ತೋರಿಸಿ. ಕ್ಲಬ್ಬಿಗೆ 1954ರ ನಂತರದ ಮೊದಲ ಕಪ್ ಅದು. ಮುಂದಿನ ವರ್ಷ ಅವರು ಖಿನ್ನತೆಯಿಂದಾಗಿ ಆಟದಿಂದ ದೂರ ಉಳಿದರು. 2019ರ ಮೇ ತಿಂಗಳಲ್ಲಿ, 23ನೇ ವಯಸ್ಸಿಗೆ, ಒಪ್ಪಂದ ಇನ್ನೂ ಬಾಕಿ ಇರುವಾಗಲೇ, ದುಡ್ಡಿನ ಮುಖ ನೋಡದೆ ಹೊರಟುಬಿಟ್ಟರು. ಆಡಿದ್ದು 61 ಪಂದ್ಯ. ಆಗ ಕೆಲವರು ಸುಮ್ನೆ ಏನೇನೋ ಅಂದರು. ನನಗಂತೂ ಅದು ತುಂಬ ಧೈರ್ಯದ ನಿರ್ಧಾರ ಅನಿಸಿತ್ತು, ಈಗಲೂ ಹಾಗೇ ಅನಿಸುತ್ತದೆ.

ಹಾಗಾದರೆ ದೀರ್ಘ ಕಾಲ ಆಡಿದವರೇ ಇಲ್ವಾ? ಇದ್ದಾರೆ. ನಾರ್ತ್ ಮೆಲ್ಬರ್ನ್‌ನ ಬ್ರೆಂಟ್ ಹಾರ್ವಿ 1996ರಿಂದ 2016ರ ತನಕ 432 ಪಂದ್ಯ ಆಡಿದರು. ಅವರಿಗಾಗ 38 ವರ್ಷ, ಇನ್ನೂ ಒಂದು ವರ್ಷ ಆಡುವ ಆಸೆ ಇತ್ತು. ಮುಂದಿನ ವರ್ಷಕ್ಕೆ ಒಪ್ಪಂದ ಕೊಡುವುದಿಲ್ಲ ಅಂತ ಕ್ಲಬ್ ಅವರಿಗೂ ಹೇಳಿತು.