ಏನನ್ನೂ ಕಟ್ಟದೆ ಬಿಡುವುದಕ್ಕೂ ಹಣ ಬೇಕು

ಕ್ರೀಡಾಂಗಣ ಯೋಜನೆಯ ಮೊದಲ ಸಭೆಯಲ್ಲಿ ಮಾಲೀಕರ ಕಡೆಯಿಂದ ತಪ್ಪದೆ ಬರುವ ಬೇಡಿಕೆಯೊಂದಿದೆ: ಕಟ್ಟಡ ಐವತ್ತು ವರ್ಷವಾದರೂ ಹಳತೆನಿಸಬಾರದು. ಬೇಡಿಕೆಯಲ್ಲಿ ತಪ್ಪೇನಿಲ್ಲ. ಆದರೆ ಆ ಮಾತು ಮುಗಿದ ಮೇಲೆ ಉಳಿದ ಎರಡು ಗಂಟೆ ಚರ್ಚೆಯಾಗುವುದು ಆಟ ತೋರಿಸುವ ದೊಡ್ಡ ವಿಡಿಯೊ ಪರದೆಯ ಅಗಲ, ಹೊರಗೋಡೆಯ ದೀಪಗಳು, ಮುಖ ಗುರುತಿಸಿ ತೆರೆದುಕೊಳ್ಳುವ ಪ್ರವೇಶದ್ವಾರ, ಕುಳಿತಲ್ಲಿಗೇ ತಿಂಡಿ ತರಿಸುವ ಆ್ಯಪ್ ಇವುಗಳ ಬಗ್ಗೆ. ಇವುಗಳಲ್ಲಿ ಒಂದಾದರೂ ಹನ್ನೆರಡು ವರ್ಷ ಬಾಳಿದರೆ ನನಗೆ ಆಶ್ಚರ್ಯವೇ. ಇಷ್ಟು ವರ್ಷಗಳ ವೃತ್ತಿಯಲ್ಲಿ, ಸರಕಿನ ಲಾರಿಗಳು ಒಳಬರುವ ಸುರಂಗ ಎಷ್ಟು ಎತ್ತರವಿರಬೇಕೆಂದು ತಾವಾಗಿಯೇ ಕೇಳಿದ ಮಾಲೀಕರು ನನಗೆ ಸಿಕ್ಕಿದ್ದು ಇಬ್ಬರೇ, ಅವರಲ್ಲೊಬ್ಬರು ಹಿಂದೆ ಸಾಗಣೆ ವ್ಯವಹಾರದಲ್ಲಿದ್ದವರು.

ನಾನು ಪದೇ ಪದೇ ಹೇಳುವ, ಪದೇ ಪದೇ ತಪ್ಪಾಗಿ ಅರ್ಥೈಸಲಾಗುವ ವಿಷಯ ಒಂದೇ. ಕ್ರೀಡಾಂಗಣ ಒಂದು ವಸ್ತುವಲ್ಲ, ಬೇರೆ ಬೇರೆ ಆಯುಸ್ಸಿನ ಹಲವು ವಸ್ತುಗಳು ಒಂದೇ ಸೂರಿನಡಿ ಸೇರಿರುವ ಕೂಟ. ಅಡಿಪಾಯ, ಕಂಬ, ಆಸನಗಳ ಸಾಲು ಏರುವ ಇಳಿಜಾರು ಇವೆಲ್ಲ ಅರ್ಧ ಶತಮಾನವನ್ನೂ ಮೀರಿ ಉಳಿಯುತ್ತವೆ. ಕುರ್ಚಿ, ನೀರಿನ ಕೊಳವೆ, ಗಾಳಿಯಾಡಿಸುವ ಯಂತ್ರಗಳಿಗೆ ಹದಿನೈದರಿಂದ ಇಪ್ಪತ್ತೈದು ವರ್ಷ, ಪರದೆ ಮತ್ತು ಟಿಕೆಟ್ ಯಂತ್ರಗಳಿಗೆ ಹತ್ತರ ಆಸುಪಾಸು ಎಂದಿಟ್ಟುಕೊಳ್ಳಬಹುದು. ಇವು ಅಂದಾಜುಗಳೇ ಹೊರತು ಖಾತರಿಯಲ್ಲ, ನಿರ್ವಹಣೆಗೂ ಹವಾಮಾನಕ್ಕೂ ತಕ್ಕಂತೆ ಏರುಪೇರಾಗುತ್ತವೆ. ಬೇಗ ಹಳತಾಗುವುದನ್ನು ನಿಧಾನವಾಗಿ ಹಳತಾಗುವುದರೊಳಗೆ ಹೂಳಬಾರದು. ನಾಳೆಗೆ ಸಿದ್ಧವಾಗುವುದೆಂದರೆ ನಾಳೆಯ ಯಂತ್ರವನ್ನು ಇಂದೇ ಕೊಂಡು ತರುವುದಲ್ಲ, ಇನ್ನೂ ಹೆಸರಿಲ್ಲದ ಯಂತ್ರಕ್ಕೆ ಬೇಕಾದ ಜಾಗವನ್ನು, ಭಾರ ಹೊರುವ ಶಕ್ತಿಯನ್ನು, ಒಳಬರುವ ದಾರಿಯನ್ನು ಉಳಿಸಿಡುವುದು.

ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತೇನೆ, ಏಕೆಂದರೆ ಸಭೆಯಲ್ಲಿ ಹೌದೆಂದು ತಲೆಯಾಡಿಸಿದವರೇ ಮರುವಾರದ ಪತ್ರದಲ್ಲಿ ಪರದೆಯನ್ನು ಕಾಂಕ್ರೀಟಿನ ಗೂಡಿನೊಳಗೆ ಕೂರಿಸಬೇಕೆಂದು ಬರೆದಿರುತ್ತಾರೆ. ಗೂಡಿನಲ್ಲಿ ಪರದೆ ಅಂದವಾಗಿ ಕಾಣುತ್ತದೆ, ನಿಜ. ಹತ್ತು ವರ್ಷ ಕಳೆದ ಮೇಲೆ ಆ ಅಳತೆಯ ಪರದೆಯನ್ನು ಯಾರೂ ತಯಾರಿಸುತ್ತಿರುವುದಿಲ್ಲ. ಗೂಡನ್ನು ಒಡೆಯಬೇಕಾಗುತ್ತದೆ, ಅದರ ಅಂಚಿನಲ್ಲಿ ಮುಖ್ಯ ತೊಲೆ ಹಾದುಹೋಗಿದ್ದರೆ ಒಡೆಯುವುದಕ್ಕೂ ಆಗುವುದಿಲ್ಲ. ಅದೇ ಪರದೆಯನ್ನು ಬೋಲ್ಟು ಬಿಗಿದ ಉಕ್ಕಿನ ಚೌಕಟ್ಟಿಗೆ ತೂಗುಹಾಕಿ, ಚೌಕಟ್ಟಿಗೆ ಇಂದು ಬೇಕಾದುದಕ್ಕಿಂತ ಹೆಚ್ಚಿನ ಬಲ ಕೊಟ್ಟು, ಹಿಂಬದಿಯಲ್ಲಿ ಒಬ್ಬ ಮನುಷ್ಯ ನಿಂತು ಕೆಲಸ ಮಾಡುವಷ್ಟು ಸ್ಥಳ ಬಿಟ್ಟಿದ್ದರೆ, ಪರದೆ ಬದಲಿಸುವುದು ಕೆಲವು ದಿನಗಳ ಕೆಲಸ.

ಊಹೆಯನ್ನೇ ಕಟ್ಟಡವಾಗಿಸಿದವರು ಪಟ್ಟ ಪಾಡು ಕಣ್ಣಮುಂದಿದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಪೂರ್ತಿ ಚಾವಣಿಯಿರುವ ಕ್ರೀಡಾಂಗಣ ಆಸ್ಟ್ರೋಡೋಮ್ 1965ರಲ್ಲಿ ತೆರೆದಾಗ, ಒಳಗೆ ಹುಲ್ಲು ಬೆಳೆಯಲೆಂದು ಚಾವಣಿಯ ತುಂಬ ಪಾರದರ್ಶಕ ಫಲಕಗಳನ್ನು ಹಾಕಿದ್ದರು. ಹಗಲಿನ ಪ್ರಖರತೆಗೆ ಬೇಸ್‌ಬಾಲ್ ಆಟಗಾರರಿಗೆ ಮೇಲೆದ್ದ ಚೆಂಡು ಕಾಣಿಸದಾಯಿತು. ಫಲಕಗಳಿಗೆ ಬಣ್ಣ ಬಳಿದರು, ಬೆಳಕಿಲ್ಲದೆ ಹುಲ್ಲು ಸತ್ತಿತು, ಮರುವರ್ಷ ಕೃತಕ ಹುಲ್ಲುಹಾಸು ಬಂತು. ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದ ಕಥೆ ಇದಕ್ಕಿಂತ ದೀರ್ಘವಾದದ್ದು. ಓರೆಯಾಗಿ ನಿಂತ ಗೋಪುರದಿಂದ ಬಟ್ಟೆಯ ಚಾವಣಿಯನ್ನು ಮೇಲೆತ್ತುವ, ಇಳಿಸುವ ಏರ್ಪಾಡು 1976ರ ಕ್ರೀಡಾಕೂಟದ ವೇಳೆಗೆ ಸಿದ್ಧವಾಗಲೇ ಇಲ್ಲ; 1987ರಲ್ಲಿ ಬಂದ ಚಾವಣಿ ಮತ್ತೆ ಮತ್ತೆ ಹರಿಯಿತು, 1998ರಲ್ಲಿ ಅದರ ಜಾಗಕ್ಕೆ ಬಂದ ಸ್ಥಿರ ಚಾವಣಿಯ ಒಂದು ಭಾಗ 1999ರಲ್ಲಿ ಹಿಮದ ಭಾರಕ್ಕೆ ಕುಸಿಯಿತು, ಕಟ್ಟಲು ಮಾಡಿದ ಸಾಲ ತೀರಿದ್ದು 2006ರಲ್ಲಿ. ವಿನ್ಯಾಸಕಾರರು ದಡ್ಡರಾಗಿರಲಿಲ್ಲ. ಇಡೀ ಕಟ್ಟಡದ ಆಕಾರವೇ ಒಂದು ಯಂತ್ರದ ಮೇಲೆ ನಿಂತಿದ್ದರಿಂದ, ಯಂತ್ರ ಕೈಕೊಟ್ಟಾಗ ಬೇರೆ ದಾರಿಯೇ ಉಳಿಯಲಿಲ್ಲ.

ಚಲಿಸುವ ಭಾಗಗಳೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಭಾವಿಸಬಾರದು. 2019ರಲ್ಲಿ ತೆರೆದ, ಲಂಡನ್ನಿನ ಫುಟ್‌ಬಾಲ್ ಕ್ಲಬ್ ಟಾಟನ್‌ಹ್ಯಾಮ್ ಹಾಟ್ಸ್‌ಪರ್‌ನ ಕ್ರೀಡಾಂಗಣದಲ್ಲಿ ಹುಲ್ಲಿನ ಅಂಕಣ ಮೂರು ತುಂಡುಗಳಾಗಿ ದಕ್ಷಿಣದ ಸ್ಟ್ಯಾಂಡಿನ ಕೆಳಗೆ ಸರಿಯುತ್ತದೆ, ಅಡಿಯಲ್ಲಿರುವ ಕೃತಕ ಹುಲ್ಲುಹಾಸಿನ ಮೇಲೆ ಅಮೆರಿಕನ್ ಫುಟ್‌ಬಾಲ್ ನಡೆಯುತ್ತದೆ. ಆದರೆ ಅಲ್ಲಿ ವರ್ಷಕ್ಕೆ ಕನಿಷ್ಠ ಎರಡು ಪಂದ್ಯದಂತೆ ಹತ್ತು ವರ್ಷದ ಕರಾರು 2015ರಲ್ಲೇ ಕೈಯಲ್ಲಿತ್ತು. ಯಂತ್ರ ಬಂದದ್ದು ಬಳಕೆ ಗೊತ್ತಿದ್ದುದರಿಂದ, ಎಂದಾದರೂ ಬೇಕಾದೀತೆಂಬ ಆಸೆಯಿಂದಲ್ಲ.

ಮ್ಯಾಂಚೆಸ್ಟರನ್ನೂ ಲಂಡನ್ನನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವುದು ನನ್ನ ಹಳೆಯ ಅಭ್ಯಾಸ. ಮ್ಯಾಂಚೆಸ್ಟರಿನಲ್ಲಿ 2002ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸುಮಾರು 38,000 ಆಸನಗಳ ಕ್ರೀಡಾಂಗಣ ಕಟ್ಟುವಾಗಲೇ, ಕೂಟ ಮುಗಿದ ಬಳಿಕ ಓಟದ ಟ್ರ್ಯಾಕನ್ನು ತೆಗೆದು, ನೆಲವನ್ನು ಅಗೆದು ತಗ್ಗಿಸಿ, ಕೆಳಗೆ ಇನ್ನೊಂದು ಹಂತದ ಆಸನಗಳನ್ನು ಸೇರಿಸುವುದೆಂದು ನಿಶ್ಚಯವಾಗಿತ್ತು. 2003ರಲ್ಲಿ ಫುಟ್‌ಬಾಲ್ ಕ್ಲಬ್ ಒಳಬರುವಾಗ ಅದು ಸುಮಾರು 48,000 ಆಸನಗಳ, ಅಂಕಣಕ್ಕೆ ಹತ್ತಿರ ಕುಳಿತು ನೋಡುವ ಜಾಗವಾಗಿತ್ತು. ಲಂಡನ್ನಿನ 2012ರ ಒಲಿಂಪಿಕ್ ಕ್ರೀಡಾಂಗಣಕ್ಕೂ ಯೋಜನೆಯಿತ್ತು, ಆದರೆ ಅದು 80,000 ಆಸನಗಳನ್ನು 25,000ಕ್ಕೆ ಇಳಿಸಿ ಅಥ್ಲೆಟಿಕ್ಸ್‌ಗೆ ಉಳಿಸಿಕೊಳ್ಳುವ ಯೋಜನೆ. ಬಳಿಕ ಮನಸ್ಸು ಬದಲಾಗಿ ಫುಟ್‌ಬಾಲ್ ಬೇಕೆನಿಸಿತು. ಟ್ರ್ಯಾಕನ್ನು ಬಿಡಲೂ ಆಗದೆ, ಮುಂದಿನ ಸಾಲನ್ನು ಹತ್ತಿರ ತರದಿರಲೂ ಆಗದೆ, ಸರಿಸುವ ಆಸನಗಳನ್ನೂ ಹೊಸ ಚಾವಣಿಯನ್ನೂ ಮಾಡಿದ ಮಾರ್ಪಾಡಿಗೆ ತಗುಲಿದ ವೆಚ್ಚ 32.3 ಕೋಟಿ ಪೌಂಡ್. ಆ ಆಸನಗಳನ್ನು ಸರಿಸುವ ಖರ್ಚು ಮಾತ್ರ ಅಷ್ಟಕ್ಕೇ ಮುಗಿಯದೆ ಪ್ರತಿವರ್ಷ ಬರುತ್ತದೆ. ಟ್ರ್ಯಾಕು ಇರಬೇಕೇ ಬೇಡವೇ ಎಂಬುದು ಅಡಿಪಾಯಕ್ಕೆ ಸೇರಿದ ಪ್ರಶ್ನೆ, ಪೀಠೋಪಕರಣಕ್ಕೆ ಸೇರಿದ್ದಲ್ಲ.

ಕೆಲವೊಮ್ಮೆ ಬಿಡಬೇಕಾಗಿದ್ದ ಜಾಗ ಕೆಲವೇ ಮೀಟರಿನದು. ವಿಶ್ವಕಪ್ ಫುಟ್‌ಬಾಲ್ ಅಂಕಣದ ಅಳತೆ 105ಕ್ಕೆ 68 ಮೀಟರ್. ಅಮೆರಿಕನ್ ಫುಟ್‌ಬಾಲ್ ಅಂಕಣ ಉದ್ದದಲ್ಲಿ ಅದಕ್ಕಿಂತ ತುಸು ಹೆಚ್ಚು, ಅಗಲದಲ್ಲಿ ಮಾತ್ರ 49 ಮೀಟರಿಗೂ ಕಡಿಮೆ. ಅದಕ್ಕೆಂದೇ ಬಿಗಿಯಾಗಿ ಕಟ್ಟಿದ, 2010ರಲ್ಲಿ ತೆರೆದ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ 2026ರ ವಿಶ್ವಕಪ್‌ಗಾಗಿ ಮೂಲೆಗಳ ಆಸನಗಳನ್ನು ಕಿತ್ತು ಅಂಕಣವನ್ನು ಅಗಲಿಸಬೇಕಾಯಿತು. ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ, ನಿಂತು ನೋಡುವ ಗ್ಯಾಲರಿಯ ನೂಕುನುಗ್ಗಲಿನಲ್ಲಿ ಪ್ರೇಕ್ಷಕರು ಸತ್ತ 1989ರ ಹಿಲ್ಸ್‌ಬರೋ ದುರಂತದ ನಂತರ ಮೇಲಿನ ಎರಡು ಶ್ರೇಣಿಗಳ ಕ್ಲಬ್ಬುಗಳಲ್ಲಿ ನಿಂತು ನೋಡುವುದು ನಿಂತೇಹೋಗಿತ್ತು. 2022ರಿಂದ ಪರವಾನಗಿ ಪಡೆದ, ಕಂಬಿಗಳಿರುವ ಆಸನಸಾಲುಗಳಲ್ಲಿ ಅದಕ್ಕೆ ಮತ್ತೆ ಅವಕಾಶ ಬಂತು. ಮೆಟ್ಟಿಲಿನ ಅಗಲವನ್ನು ಕೊನೆಯ ಸೆಂಟಿಮೀಟರಿನವರೆಗೆ ಹಿಂಡಿ ಕಟ್ಟಿದವರಿಗೆ ಇಂತಹ ಬದಲಾವಣೆ ತಲೆನೋವು, ಕಂಬಿಗೆ ಜಾಗ ಬಿಟ್ಟವರಿಗೆ ಕೆಲವು ವಾರಗಳ ಕೆಲಸ.

ಆಟಕ್ಕಿಂತ ಸಂಗೀತ ಕಚೇರಿಗಳಿಂದ ಹೆಚ್ಚು ಗಳಿಸುವ ಲೆಕ್ಕಾಚಾರ ಈಗ ಎಲ್ಲ ಮಾಲೀಕರದು. ಹಾಗಾದರೆ ಚಾವಣಿಗೆ ಧ್ವನಿವರ್ಧಕ ಮತ್ತು ದೀಪಗಳನ್ನು ತೂಗುಹಾಕುವ ಬಲ ಬೇಕು. ಸಾವಿರಾರು ಜನ ಸೆಕೆಂಡಿಗೆ ಸುಮಾರು ಎರಡು ಬಾರಿ ಒಂದೇ ತಾಳಕ್ಕೆ ಕುಪ್ಪಳಿಸಿದಾಗ ಆ ಲಯಕ್ಕೆ ಗ್ಯಾಲರಿಯೂ ತೂಗತೊಡಗದಷ್ಟು ಬಿಗಿ ಬೇಕು. ಸುಮ್ಮನೆ ಕುಳಿತವರ ಭಾರಕ್ಕೆ ಮಾಡಿದ ಲೆಕ್ಕ ಇಲ್ಲಿ ಸಾಲದು. ಎಲ್ಲಕ್ಕಿಂತ ಮೊದಲು ಲಾರಿ ಒಳಬರಬೇಕು. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ, ಇನ್ನೂ ಎರಡು ಸಾಲು ಆಸನ ಸೇರಿಸುವ ಆಸೆಯಿಂದ ಸುರಂಗದ ಎತ್ತರವನ್ನು ಅರ್ಧ ಮೀಟರ್ ಇಳಿಸಿದರು. ನಾನು ಆಕ್ಷೇಪವನ್ನು ಬರಹದಲ್ಲಿ ಕೊಟ್ಟೆ, ಆದರೆ ಮೇಜು ಕುಟ್ಟಲಿಲ್ಲ. ಅದು ನನ್ನ ತಪ್ಪು. ಇಂದಿಗೂ ಅಲ್ಲಿ ಪ್ರತಿ ಕಾರ್ಯಕ್ರಮದ ಹಿಂದಿನ ರಾತ್ರಿ ದೊಡ್ಡ ಲಾರಿಗಳನ್ನು ಹೊರಗೇ ನಿಲ್ಲಿಸಿ, ಸಾಮಾನನ್ನೆಲ್ಲ ಚಿಕ್ಕ ಗಾಡಿಗಳಿಗೆ ಇಳಿಸಿಕೊಂಡು ಒಳಗೆ ಸಾಗಿಸುತ್ತಾರೆ. ಆ ಎರಡು ಸಾಲಿನ ಟಿಕೆಟ್ ಹಣ ಆ ರಾತ್ರಿಗಳ ಕೂಲಿಗೆ ಸಾಕಾಗುತ್ತದೆಯೇ ಎಂದು ಅವರನ್ನು ಕೇಳುವ ಧೈರ್ಯ ನನಗಿಲ್ಲ.

ಕ್ರೀಡಾಂಗಣದ ಸುತ್ತ ಮನರಂಜನಾ ಪ್ರಾಂಗಣ ಕಟ್ಟುವಾಗ ಇದೇ ಅವಿವೇಕ ದೊಡ್ಡ ಅಳತೆಯಲ್ಲಿ ಮರುಕಳಿಸುತ್ತದೆ. ಉದ್ಘಾಟನೆಯ ದಿನವೇ ಎಲ್ಲ ಅಂಗಡಿ, ಹೋಟೆಲು, ಚಿತ್ರಮಂದಿರಗಳೂ ತುಂಬಿ ತುಳುಕಬೇಕೆಂಬ ಹಟ. ಪಂದ್ಯವಿಲ್ಲದ ದಿನಗಳೇ ವರ್ಷದಲ್ಲಿ ಹೆಚ್ಚು, ಆ ದಿನಗಳಲ್ಲಿ ಅಲ್ಲಿಗೆ ಯಾರು ಯಾಕೆ ಬರುತ್ತಾರೆಂಬುದಕ್ಕೆ ಉತ್ತರ ಸಿಗುವ ಮೊದಲೇ ಎಲ್ಲವನ್ನೂ ಕಟ್ಟಿಬಿಟ್ಟರೆ ತಿದ್ದಲು ನಿವೇಶನವೇ ಉಳಿಯುವುದಿಲ್ಲ. ಮೊದಲು ರಸ್ತೆಗಳು, ನೆಲದಡಿಯ ಕೊಳವೆಗಳು, ರೈಲು ನಿಲ್ದಾಣಕ್ಕೆ ಅಗಲವಾದ ಕಾಲುದಾರಿ ಇವನ್ನು ಮಾಡಿ ಉಳಿದ ನಿವೇಶನಗಳನ್ನು ಹಂತಹಂತವಾಗಿ ತುಂಬಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನ ಸುರಕ್ಷತಾ ಮಾರ್ಗದರ್ಶಿ ಸಾಮಾನ್ಯ ಸಂದರ್ಭದಲ್ಲಿ ಪ್ರೇಕ್ಷಕರು ಎಂಟು ನಿಮಿಷದೊಳಗೆ ಆಸನಗಳಿಂದ ಹೊರಬಂದು ಸರಾಗವಾಗಿ ಸಾಗುವ ದಾರಿಗೆ ಸೇರಬೇಕೆನ್ನುತ್ತದೆ. ಹಾಗೆ ಹೊರಬಂದವರ ಎದುರಿಗೆ ಹೊಸ ಅಂಗಡಿಸಾಲು ಅಡ್ಡ ನಿಂತಿದ್ದರೆ ಎಂಟು ನಿಮಿಷಕ್ಕೆ ಅರ್ಥವೇನು? ಒಬ್ಬನೇ ಬಾಡಿಗೆದಾರನನ್ನು ನಂಬಿ ಪ್ರಾಂಗಣ ಕಟ್ಟುವುದಂತೂ ಇನ್ನೂ ಅಪಾಯ. ಜಪಾನಿನಲ್ಲಿ 2001ರಲ್ಲಿ ತೆರೆದ ಸಪ್ಪೊರೊ ಡೋಮ್‌ನಲ್ಲಿ ಹುಲ್ಲಿನ ಅಂಕಣವೇ ಒಳಗೂ ಹೊರಗೂ ಸರಿಯುತ್ತಿತ್ತು, ಅಷ್ಟು ಜಾಣ ಕಟ್ಟಡ. ಆದರೂ ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡ 2023ರಲ್ಲಿ ತನ್ನದೇ ಹೊಸ ಕ್ರೀಡಾಂಗಣಕ್ಕೆ ಹೊರಟುಹೋಯಿತು.

ಖಾಲಿ ಬಿಡುವುದಕ್ಕೂ ಮಿತಿಯುಂಟು. ಎಲ್ಲ ಕಂಬಕ್ಕೂ ಇಮ್ಮಡಿ ಬಲ ಕೊಡಿ ಎಂದರೆ ಅದೂ ದುಂದು, ಕಾಂಕ್ರೀಟನ್ನು ಮಿತವಾಗಿ ಬಳಸಬೇಕಾದ ಈ ಕಾಲದಲ್ಲಿ ತಪ್ಪು ಕೂಡ. ಎಲ್ಲಿ ಮೀಸಲು ಬೇಕು, ಎಲ್ಲಿ ಬೇಡ ಎಂಬುದನ್ನು ಆಯಾ ನಿವೇಶನ ನೋಡಿಯೇ ಹೇಳಬೇಕಾಗುತ್ತದೆ. ಕಷ್ಟವೆಂದರೆ ವೆಚ್ಚ ಕಡಿತದ ಸಭೆಯಲ್ಲಿ ಮೊದಲು ಬಲಿಯಾಗುವುದು ಈ ಖಾಲಿ ಜಾಗವೇ, ಏಕೆಂದರೆ ಉದ್ಘಾಟನೆಯ ಫೋಟೊದಲ್ಲಿ ಅದು ಕಾಣಿಸುವುದಿಲ್ಲ. ಹಿಂದೊಮ್ಮೆ ನಾಲ್ಕು ಸಭೆಗಳಲ್ಲಿ ಜಗಳವಾಡಿ, ನೆಲಮಾಳಿಗೆಯಿಂದ ಚಾವಣಿಯವರೆಗೆ ಮುಂದಿನ ತಂತಿಗಳಿಗೆಂದು ಎರಡು ಖಾಲಿ ಕೊಳವೆಮಾರ್ಗಗಳನ್ನು ಉಳಿಸಿಕೊಂಡಿದ್ದೆ. ಹನ್ನೊಂದು ವರ್ಷದ ನಂತರ ಅಲ್ಲಿನ ಹೊಸ ವ್ಯವಸ್ಥಾಪಕರು ಫೋನ್ ಮಾಡಿ, ಹೊಸ ಜಾಲದ ತಂತಿಗಳನ್ನು ಮೇಲಕ್ಕೆ ಒಯ್ಯಲು ಗೋಡೆ ಒಡೆಯಬೇಕೇ ಎಂದು ಕೇಳಿದರು. ಬೇಡ, ಪೂರ್ವದ ಮೆಟ್ಟಿಲಿನ ಪಕ್ಕ ಬೀಗ ಹಾಕಿದ ಎರಡು ಬಾಗಿಲುಗಳಿವೆ, ತೆರೆದು ನೋಡಿ ಎಂದೆ. ಅರ್ಧ ಗಂಟೆಯಲ್ಲಿ ಮತ್ತೆ ಕರೆ ಬಂತು: 'ಸರ್, ಅದರ ತುಂಬ ಮುರಿದ ಕುರ್ಚಿಗಳಿವೆ.' ಕುರ್ಚಿಗಳನ್ನು ಹೊರಗೆ ಹಾಕಿಸಿ ಎಂದು ಹೇಳಿದೆ.