ಬಾಡೂಟ ಇಲ್ಲದ ಚುನಾವಣೆ: ಮಿಜೋರಾಂ ಚರ್ಚ್‌ಗಳ ಮಾತು ಎಲ್ಲಿ ನಡೆಯಿತು, ಎಲ್ಲಿ ನಡೆಯಲಿಲ್ಲ

2023ರಲ್ಲಿ ಐದು ರಾಜ್ಯಗಳ ವಿಧಾನಸಭೆ ಚುನಾವಣೆ ನಡೆಯಿತು. ಮತ ಎಣಿಕೆ ಡಿಸೆಂಬರ್ 3ಕ್ಕೆ ಅಂತ ಆಯೋಗ ಹೇಳಿತು. ಅದು ಭಾನುವಾರ. ಮಿಜೋರಾಂನಲ್ಲಿ ಚರ್ಚ್‌ಗಳು, ಸಂಘಟನೆಗಳು, ಒಬ್ಬರನ್ನೊಬ್ಬರು ಬೈದುಕೊಂಡೇ ಪ್ರಚಾರ ಮಾಡಿದ್ದ ಪಕ್ಷಗಳು ಎಲ್ಲ ಸೇರಿ, ಭಾನುವಾರ ನಮಗೆ ಆರಾಧನೆಯ ದಿನ, ಬೇರೆ ದಿನ ಕೊಡಿ ಅಂತ ಕೇಳಿದರು. ಆಯೋಗ ಒಪ್ಪಿತು. ಉಳಿದ ನಾಲ್ಕು ರಾಜ್ಯಗಳ ಫಲಿತಾಂಶ ಭಾನುವಾರವೇ ಬಂತು, ಮಿಜೋರಾಂನದು ಸೋಮವಾರ.

ಸಾರ್ವಜನಿಕ ಬದುಕು ಕೆಡುತ್ತಿದೆ ಅನ್ನಿಸಿದಾಗ ಚರ್ಚ್ ದನಿ ಎತ್ತಬೇಕೇ, ಸುಮ್ನೆ ಪ್ರಾರ್ಥನೆ ನಡೆಸಿಕೊಂಡು ಇರಬೇಕೇ ಅನ್ನುವ ಪ್ರಶ್ನೆ ಹಳೆಯದು. ಎತ್ತಬೇಕು ಅಂತಲೇ ನನ್ನ ನಂಬಿಕೆ. ಆದರೆ ಯಾರ ಎದುರು ಎತ್ತುತ್ತದೆ, ಎತ್ತಿದ ಮೇಲೆ ತಾನೇ ಏನು ಕೆಲಸ ಮಾಡುತ್ತದೆ ಅನ್ನುವುದರ ಮೇಲೆ ಆ ದನಿಯ ಬೆಲೆ ನಿಲ್ಲುತ್ತದೆ. ಇದನ್ನು ಮಿಜೋರಾಂನಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

1894ರ ಜನವರಿಯಲ್ಲಿ ಲೊರೇನ್ ಮತ್ತು ಸ್ಯಾವಿಜ್ ಅನ್ನುವ ಇಬ್ಬರು ಮಿಷನರಿಗಳು ಮಿಜೋ ಬೆಟ್ಟಗಳಿಗೆ ಬಂದರು, ಮಿಜೋ ಭಾಷೆಗೆ ರೋಮನ್ ಲಿಪಿ ಹೊಂದಿಸಿದರು. ಆಮೇಲೆ ಉತ್ತರದಲ್ಲಿ ವೇಲ್ಸ್‌ನ ಪ್ರೆಸ್ಬಿಟೇರಿಯನ್ ಮಿಷನ್, ದಕ್ಷಿಣದಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಬೇರೂರಿದವು. ಅಲ್ಲಿ ಹಬ್ಬಕ್ಕೂ ಸಾವಿಗೂ ಅಕ್ಕಿಯ ಹೆಂಡ 'ಜು' ಬೇಕೇ ಬೇಕಿತ್ತು. ಚರ್ಚಿಗೆ ಸೇರಿದವರು ಅದನ್ನು ಬಿಡಬೇಕು ಅಂತ ನಿಯಮ ಬಂತು. ಆ ಜಾಗಕ್ಕೆ ಚಹಾ ಬಂದು ಕೂತಿತು. ಚರ್ಚಿನ ಮೊದಲ ನೈತಿಕ ಹೋರಾಟ ಹೆಂಡದ ಮೇಲೆ. ಮುಂದೆ ನೂರು ವರ್ಷ ಕಳೆದರೂ ಅದು ಮುಗಿದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಅನ್ನಕ್ಕೆ ಇಡುವಾಗಲೆಲ್ಲ ಮನೆಯ ಹೆಂಗಸರು ಒಂದು ಹಿಡಿ ಅಕ್ಕಿಯನ್ನು ಚರ್ಚಿಗೆ ಅಂತ ತೆಗೆದಿಡುತ್ತಾರೆ. 'ಬುಹ್‌ಫಾಯ್ ಥಾಮ್' ಅಂತ ಅದರ ಹೆಸರು. ಶುರುವಾಗಿ ನೂರು ವರ್ಷ ದಾಟಿದೆ. ಬಡವರ ಮನೆಯಿಂದಲೂ ಬರುವ ಈ ಅಕ್ಕಿಯನ್ನು ಮಾರಿದ ಹಣ ಚರ್ಚಿನ ಕೆಲಸಕ್ಕೆ ಹೋಗುತ್ತದೆ. ಹೀಗೆ ತನ್ನ ಜನರ ದುಡ್ಡಿನಲ್ಲೇ ನಡೆಯುವ ಚರ್ಚ್ ಮಂತ್ರಿಯ ಎದುರು ನಿಂತು ಮಾತಾಡುವಾಗ ಹಿಂದೆಮುಂದೆ ನೋಡಬೇಕಾಗಿಲ್ಲ ಅಲ್ವಾ?

ಆ ಧೈರ್ಯಕ್ಕೆ ಪರೀಕ್ಷೆ ಬಂದದ್ದು 1966ರಲ್ಲಿ. ಮಿಜೋ ನ್ಯಾಷನಲ್ ಫ್ರಂಟ್ (ಎಂಎನ್‌ಎಫ್) ಭಾರತ ಸರ್ಕಾರದ ವಿರುದ್ಧ ಬಂಡೆದ್ದಿತು. ಮಾರ್ಚ್‌ನಲ್ಲಿ ಭಾರತದ ವಾಯುಪಡೆಯೇ ಐಜಾಲ್ ಮೇಲೆ ದಾಳಿ ಮಾಡಿತು. ಆಮೇಲೆ ಸೇನೆ ಹಳ್ಳಿಗಳನ್ನು ಖಾಲಿ ಮಾಡಿಸಿ ಜನರನ್ನು ರಸ್ತೆ ಬದಿಯ ಶಿಬಿರಗಳಿಗೆ ತಂದಿತು. ಇತ್ತ ಬಂದೂಕು, ಅತ್ತ ಬಂದೂಕು. ಆ ವರ್ಷಗಳಲ್ಲಿ ಎರಡೂ ಕಡೆಯವರ ಜೊತೆ ಮಾತಾಡಲು ಆಗುತ್ತಿದ್ದದ್ದು ಚರ್ಚಿನ ಹಿರಿಯರಿಗೆ. ಹಿಂಸೆ ತಪ್ಪು ಅಂತ ಬಂಡಾಯಗಾರರಿಗೂ ಹೇಳಿದರು, ಮಾತುಕತೆಗೆ ಬನ್ನಿ ಅಂತ ಸರ್ಕಾರಕ್ಕೂ ಹೇಳಿದರು. 1986ರ ಜೂನ್ 30ರಂದು ಒಪ್ಪಂದ ಆಯಿತು, ಮರುವರ್ಷ ರಾಜ್ಯವೂ ಆಯಿತು. ಆ ಶಾಂತಿ ಇವತ್ತಿಗೂ ಮುರಿದಿಲ್ಲ.

ರಾಜ್ಯ ಬಂದ ಮೇಲೆ ಚುನಾವಣೆ ಬಂತು, ಅದರ ಹಿಂದೆಯೇ ದುಡ್ಡು ಬಂತು. ಊಟ ಹಾಕಿಸುವುದು, ಕವರ್ ಹಂಚುವುದು, ಗಾಡಿಗಳ ಮೆರವಣಿಗೆ. 2006ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಆಡಳಿತ ಸಭೆಯಾದ ಸಿನಡ್ ಮುಂದೆ ನಿಂತು ಮಿಜೋರಾಂ ಪೀಪಲ್ ಫೋರಂ ಕಟ್ಟಿತು. ಚುನಾವಣೆ ಭ್ರಷ್ಟವಾಗಿದೆ ಅಂತ ಒಂದು ಹೇಳಿಕೆ ಕೊಟ್ಟು ಸಿನಡ್ ಕೈ ತೊಳೆದುಕೊಳ್ಳಬಹುದಿತ್ತು. ಅದು ಪಕ್ಷಗಳನ್ನು ಕೂರಿಸಿಕೊಂಡು ಬರವಣಿಗೆಯಲ್ಲಿ ಒಪ್ಪಂದ ಮಾಡಿಸಿತು. ಬಾಡೂಟ ಹಾಕಿಸುವಂತಿಲ್ಲ, ಮನೆಮನೆಗೆ ನುಗ್ಗಿ ಓಟು ಕೇಳುವಂತಿಲ್ಲ, ಪೋಸ್ಟರ್ ಬ್ಯಾನರ್‌ಗೆ ಮಿತಿ, ಈಡೇರಿಸಲಾಗದ ಭರವಸೆಗಳನ್ನು ಪ್ರಣಾಳಿಕೆಯಲ್ಲಿ ಬರೆಯಬಾರದು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಒಂದೇ ವೇದಿಕೆಯ ಪದ್ಧತಿ: ಬಡಾವಣೆಯಲ್ಲಿ ಫೋರಂ ಸಭೆ ಕರೆಯುತ್ತದೆ, ಎಲ್ಲ ಪಕ್ಷದ ಅಭ್ಯರ್ಥಿಗಳು ಅಕ್ಕಪಕ್ಕ ಕೂತು ಸರದಿಯಂತೆ ಮಾತಾಡುತ್ತಾರೆ, ಜನ ಕೂತು ಕೇಳುತ್ತಾರೆ. ಮತದಾನದ ದಿನ ಸ್ವಯಂಸೇವಕರು ಸಾಲಿನಲ್ಲಿ ನಿಂತವರಿಗೆ ನೀರು ಕೊಡುತ್ತಾರೆ. ಇದಕ್ಕೆ ಕಾನೂನಿನ ಬಲ ಏನೂ ಇಲ್ಲ. ಚರ್ಚಿನ ಮುಂದೆ ಒಪ್ಪಿಕೊಂಡು ಮುರಿದವನಿಗೆ ಊರಲ್ಲಿ ಮುಖ ತೋರಿಸುವುದು ಕಷ್ಟ, ಅಷ್ಟೇ. 2008ರ ಚುನಾವಣೆಯಿಂದ ಇದು ನಡೆದುಬಂದಿದೆ.

ಪಕ್ಕದ ನಾಗಾಲ್ಯಾಂಡ್ ನೋಡಿ. ಅಲ್ಲೂ ಜನರಲ್ಲಿ 87 ಪರ್ಸೆಂಟ್‌ಗಿಂತ ಜಾಸ್ತಿ ಕ್ರೈಸ್ತರು. ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚ್ ಕೌನ್ಸಿಲ್ ಕೂಡ ಸ್ವಚ್ಛ ಚುನಾವಣೆಗಾಗಿ ವರ್ಷಗಳಿಂದ ಬೇಡಿಕೊಳ್ಳುತ್ತಿದೆ. ಓಟು ಮಾರಬೇಡಿ, ಮನೆಯವರ ಓಟನ್ನೆಲ್ಲ ಒಬ್ಬನೇ ಹಾಕಬೇಡಿ, ಊರಿಗೆ ಊರೇ ಒಬ್ಬನಿಗೆ ಅಂತ ತೀರ್ಮಾನಿಸಬೇಡಿ ಅಂತ. ಆದರೂ 2013ರ ಚುನಾವಣೆಯ ಹೊತ್ತಿಗೆ ರಾಜ್ಯದ ಆಗಿನ ಗೃಹ ಸಚಿವರ ಬಳಿಯೇ ಒಂದು ಕೋಟಿಗೂ ಮೀರಿದ ನಗದು, ಬಂದೂಕು, ಮದ್ಯ ಸಿಕ್ಕವು. ಬೋಧನೆ ಅಲ್ಲೂ ಇತ್ತು. ಪಕ್ಷಗಳನ್ನು ಕಟ್ಟಿಹಾಕುವ ಒಪ್ಪಂದ, ಬೀದಿ ಬೀದಿಯಲ್ಲಿ ಕಾಯುವ ಜನ ಆ ಮಟ್ಟಕ್ಕೆ ಬೆಳೆಯಲಿಲ್ಲ. ಕುಲಕುಲಕ್ಕೂ ಬೇರೆ ಬೇರೆ ಚರ್ಚ್ ಸಂಘಗಳು ಇರುವ ಕಡೆ ಅದು ಕಷ್ಟವೂ ಹೌದು.

ಈಗ ಮತ್ತೆ ಹೆಂಡದ ವಿಷಯಕ್ಕೆ ಬರೋಣ. ಚರ್ಚ್‌ಗಳ ಒತ್ತಾಯಕ್ಕೆ 1995ರಲ್ಲಿ ಮಿಜೋರಾಂನಲ್ಲಿ ಸಂಪೂರ್ಣ ಪಾನನಿಷೇಧದ ಕಾಯ್ದೆ ಆಯಿತು, 1997ರ ಫೆಬ್ರವರಿಯಿಂದ ಜಾರಿ. ಆಗಿನ ಮುಖ್ಯಮಂತ್ರಿ ಕಾಂಗ್ರೆಸ್ಸಿನ ಲಾಲ್ ಥನ್ಹಾವ್ಲಾ. ಕಳ್ಳಭಟ್ಟಿ ನಿಲ್ಲಲಿಲ್ಲ. 2014ರಲ್ಲಿ ಅದೇ ಲಾಲ್ ಥನ್ಹಾವ್ಲಾ ಸರ್ಕಾರ ನಿಷೇಧ ತೆಗೆದು ಹೊಸ ಕಾಯ್ದೆ ತಂದಿತು, ಮರುವರ್ಷ ಅಂಗಡಿಗಳು ತೆರೆದವು. ಚರ್ಚ್ ಬಹಳ ನೊಂದುಕೊಂಡಿತು. 2018ರಲ್ಲಿ ಕಾಂಗ್ರೆಸ್ 5 ಸೀಟಿಗೆ ಇಳಿಯಿತು, ಮುಖ್ಯಮಂತ್ರಿ ನಿಂತ ಎರಡೂ ಕಡೆ ಸೋತರು. ಹಿಂದೆ ಬಂಡೆದ್ದು ಆಮೇಲೆ ಪಕ್ಷವಾದ ಎಂಎನ್‌ಎಫ್ ಗೆದ್ದು, ಕೊಟ್ಟ ಮಾತಿನಂತೆ 2019ರಲ್ಲಿ ನಿಷೇಧವನ್ನು ಮತ್ತೆ ತಂದಿತು. 2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಲಾಲ್ದುಹೋಮಾ ಸರ್ಕಾರ ತಿದ್ದುಪಡಿ ಮಾಡಿ, ಅಲ್ಲೇ ಬೆಳೆದ ಹಣ್ಣು ಮತ್ತು ಅಕ್ಕಿಯಿಂದ ಮಾಡಿದ ವೈನ್, ಬಿಯರ್‌ಗೆ ದಾರಿ ಬಿಟ್ಟಿತು. ಮೂವತ್ತು ವರ್ಷದಲ್ಲಿ ನಾಲ್ಕು ಸಲ ಕಾನೂನು ಬದಲಾಯಿತು.

ಕುಡಿತ ಮನೆಗಳನ್ನು ಹಾಳು ಮಾಡುತ್ತದೆ, ಚರ್ಚ್ ಅದನ್ನು ಹೇಳಲೇಬೇಕು. ಆದರೆ ಚುನಾವಣೆಯಲ್ಲಿ ಅದು ಬಲಶಾಲಿಗಳನ್ನು ಹಿಡಿದು ಕೂರಿಸಿತು. ಹೆಂಡದ ವಿಷಯದಲ್ಲಿ ಕೆಲಸವನ್ನು ಪೊಲೀಸರಿಗೆ ಒಪ್ಪಿಸಿತು. ಪೊಲೀಸರ ಕೈಗೆ ಸುಲಭವಾಗಿ ಸಿಗುವವರು ಮನೆಯಲ್ಲಿ ಭಟ್ಟಿ ಇಳಿಸಿ ಮಾರುವ ಬಡವರೇ.

ಅಷ್ಟರಲ್ಲಿ ಮ್ಯಾನ್ಮಾರ್ ಗಡಿಯಿಂದ ಹೆರಾಯಿನ್ ಬಂತು. ಒಂದೇ ಸೂಜಿ ಹಲವರ ಕೈ ದಾಟಿತು. ಇವತ್ತು ದೇಶದಲ್ಲಿ ಎಚ್‌ಐವಿ ಪ್ರಮಾಣ ಅತಿ ಹೆಚ್ಚಿರುವ ರಾಜ್ಯ ಮಿಜೋರಾಂ. 2021ರ ರಾಷ್ಟ್ರೀಯ ಅಂದಾಜಿನಲ್ಲಿ ಅಲ್ಲಿನ ವಯಸ್ಕರಲ್ಲಿ ಶೇ 2.7, ಇಡೀ ದೇಶದಲ್ಲಿ ಶೇ 0.2ರ ಆಸುಪಾಸು. ಇಲ್ಲಿ ಬರೀ ಪಾಪ ಅಂದುಬಿಟ್ಟರೆ ಹುಡುಗರು ರಕ್ತ ಪರೀಕ್ಷೆಗೂ ಬರುವುದಿಲ್ಲ, ಔಷಧಿಗೂ ಬರುವುದಿಲ್ಲ. ನಾಚಿಕೆ ಮಂತ್ರಿಯ ಮೇಲೆ ಕೆಲಸ ಮಾಡಿತು, ರೋಗಿಯ ಮೇಲೆ ಅದೇ ನಾಚಿಕೆ ಕೊಲ್ಲುತ್ತದೆ.

2021ರಲ್ಲಿ ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡಾಗ ಸಾವಿರಾರು ಚಿನ್ ಜನ ಗಡಿ ದಾಟಿ ಬಂದರು. ಒಳಗೆ ಬಿಡಬೇಡಿ ಅಂತ ಕೇಂದ್ರ ಗೃಹ ಸಚಿವಾಲಯ ಪತ್ರ ಬರೆದಿತ್ತು. ಚರ್ಚ್‌ಗಳೂ ಯಂಗ್ ಮಿಜೋ ಅಸೋಸಿಯೇಷನ್ನಿನ ಯುವಕರೂ ಅವರಿಗೆ ಅಕ್ಕಿ, ಬಟ್ಟೆ, ಸೂರು ಹೊಂದಿಸಿದರು, ರಾಜ್ಯ ಸರ್ಕಾರವೂ ಜೊತೆಗೆ ನಿಂತಿತು. ಇದು ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಆದರೆ ಬಂದವರು ರಕ್ತ ಸಂಬಂಧಿಗಳು, ಅದೇ ದೇವರನ್ನು ನಂಬುವವರು. ಹಾಗಲ್ಲದವರ ಪರವಾಗಿಯೂ ಚರ್ಚ್ ದನಿ ಎತ್ತುತ್ತದೆಯೇ ಅನ್ನುವುದು ಪ್ರಶ್ನೆ. ಮಿಜೋರಾಂನಲ್ಲೇ ಬೌದ್ಧ ಚಕ್ಮಾ ಜನರಿದ್ದಾರೆ. 1997ರಲ್ಲಿ ಜನಾಂಗ ಗಲಭೆಗೆ ಹೆದರಿ ಅಲ್ಲಿಂದ ತ್ರಿಪುರಾಕ್ಕೆ ಓಡಿಹೋದ ಬ್ರೂ ಬುಡಕಟ್ಟಿನ ಸಾವಿರಾರು ಕುಟುಂಬಗಳಿವೆ. ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಶಿಬಿರಗಳಲ್ಲಿ ಕಳೆದರು. 2020ರ ಜನವರಿಯಲ್ಲಿ ಒಪ್ಪಂದ ಆದಾಗ ಅವರು ಉಳಿಯಲು ಆರಿಸಿಕೊಂಡದ್ದು ತ್ರಿಪುರಾವನ್ನೇ.