ಯುದ್ಧದ ಚರ್ಚೆಗೆ ಕವಿತೆ ಬಂದ ದಾರಿ

1965ರ ಮಾರ್ಚ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಲವು ಮೇಷ್ಟ್ರುಗಳು ವಿಯೆಟ್ನಾಂ ಯುದ್ಧ ವಿರೋಧಿಸಿ ಒಂದು ದಿನ ಪಾಠ ನಿಲ್ಲಿಸಲು ಹೊರಟರು. ಅದಕ್ಕೆ ಜೋರು ವಿರೋಧ ಬಂತು. ಸರಿ, ಪಾಠ ನಡೀಲಿ, ನಾವು ರಾತ್ರಿ ಕೂತು ಮಾತಾಡೋಣ ಅಂತ ತೀರ್ಮಾನವಾಯಿತು. 24ರ ರಾತ್ರಿ ಸುಮಾರು 3,000 ಜನ ಸೇರಿದರು, ಬೆಳಗಿನವರೆಗೂ ಚರ್ಚೆ ನಡೆಯಿತು. ‘ಟೀಚ್-ಇನ್’ ಶುರುವಾಗಿದ್ದು ಹೀಗೆ.

ಕವಿಗಳೂ ಸುಮ್ನೆ ಕೂರಲಿಲ್ಲ. ಅದೇ ಜೂನ್‌ನಲ್ಲಿ ಶ್ವೇತಭವನದ ಕಲಾ ಉತ್ಸವಕ್ಕೆ ಮೊದಲು ಒಪ್ಪಿಕೊಂಡಿದ್ದ ಕವಿ ರಾಬರ್ಟ್ ಲೊವೆಲ್, ಬರಲ್ಲ ಎಂದು ಅಧ್ಯಕ್ಷ ಜಾನ್ಸನ್‌ಗೆ ಪತ್ರ ಬರೆದರು. ಮರುವರ್ಷ ರಾಬರ್ಟ್ ಬ್ಲೈ ಮತ್ತು ಡೇವಿಡ್ ರೇ ಯುದ್ಧವಿರೋಧಿ ಲೇಖಕರ ಬಳಗ ಕಟ್ಟಿ, ಕ್ಯಾಂಪಸ್‌ಗಳಲ್ಲಿ ಕವಿತೆ ಓದಿಸಿದರು.

ಆದರೆ ಯುದ್ಧ ಬೇಡ ಅನ್ನುವವರೇ ಓದಿ, ಯುದ್ಧ ಬೇಡ ಅನ್ನುವವರೇ ಚಪ್ಪಾಳೆ ತಟ್ಟಿದರೆ ಅದು ಸಂವಾದ ಅಲ್ಲ, ಅಲ್ವಾ? ಬಂದೂಕು ಹಿಡಿದವರು ಬಾಯಿಬಿಟ್ಟ ಮೇಲೆಯೇ ಮಾತಿಗೆ ತೂಕ ಬಂದದ್ದು ಅನ್ನುವುದು ನನ್ನ ಅಭಿಪ್ರಾಯ. 1972ರಲ್ಲಿ ವಿಯೆಟ್ನಾಂನಿಂದ ವಾಪಸಾದ ಸೈನಿಕರು ತಮ್ಮ ಕವಿತೆಗಳನ್ನು ಸೇರಿಸಿ, ತಾವೇ ಪ್ರಕಾಶನ ಹುಟ್ಟುಹಾಕಿ ಪುಸ್ತಕ ತಂದರು.

2003ರಲ್ಲಿ ಇರಾಕ್ ಯುದ್ಧದ ಹೊತ್ತಿಗೆ ಮತ್ತೆ ಹಳೇ ಕಥೆ. ಆಗಿನ ಅಧ್ಯಕ್ಷ ಬುಷ್ ಅವರ ಹೆಂಡತಿ ಲಾರಾ ಬುಷ್ ಅವರ ಕಾವ್ಯಗೋಷ್ಠಿಗೆ ಕರೆ ಬಂದಾಗ, ಸ್ವತಃ ಅಮೆರಿಕದ ಮರೀನ್ ಪಡೆಯ ಮಾಜಿ ಸೈನಿಕರಾಗಿದ್ದ ಕವಿ ಸ್ಯಾಮ್ ಹ್ಯಾಮಿಲ್ ಯುದ್ಧವಿರೋಧಿ ಕವಿತೆ ಕಳಿಸಿ ಎಂದು ಗೆಳೆಯರನ್ನು ಕೇಳಿದರು. ಸಾವಿರಾರು ಬಂದವು. ಗೋಷ್ಠಿಯೇ ಮುಂದಕ್ಕೆ ಹೋಯಿತು. ಊರೂರಲ್ಲಿ ಓದು ನಡೆದರೂ, ಕೇಳಿಸಿಕೊಳ್ಳಬೇಕಾದವರು ಎದುರಿಗೆ ಇರಲಿಲ್ಲ.

ಬಾಸ್ಟನ್‌ನಲ್ಲಿ ಮಾತ್ರ ಅದಕ್ಕೂ ಮೊದಲೇ ಬೇರೆಯದೇ ಕೆಲಸ ನಡೆದಿತ್ತು. ಅಲ್ಲಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಲಿಯಂ ಜಾಯ್ನರ್ ಕೇಂದ್ರ, ಒಂದು ಕಾಲದ ಶತ್ರುಗಳಾಗಿದ್ದ ವಿಯೆಟ್ನಾಂ ಲೇಖಕರನ್ನೇ ಕರೆಸಿ ಅಮೆರಿಕದ ಮಾಜಿ ಸೈನಿಕರ ಜೊತೆ ಕೂರಿಸಿತು. ಯುದ್ಧದಲ್ಲಿ ಸತ್ತ, ಸೆರೆಸಿಕ್ಕ ವಿಯೆಟ್ನಾಂ ಸೈನಿಕರ ಬಳಿ ಸಿಕ್ಕ ನೋಟ್‌ಬುಕ್‌ಗಳನ್ನು ಅಮೆರಿಕದ ಸೇನೆ ಮೈಕ್ರೋಫಿಲ್ಮ್ ಮಾಡಿಟ್ಟಿತ್ತು, ಅಂದರೆ ಹಾಳೆಗಳ ಪುಟಾಣಿ ಫೋಟೊಗಳನ್ನು ಫಿಲ್ಮ್ ಸುರುಳಿಯಲ್ಲಿ ತೆಗೆದಿಟ್ಟಿತ್ತು. ಅವರಿಗೆ ಬೇಕಿದ್ದದ್ದು ಶತ್ರುವಿನ ಗುಟ್ಟು. ಆ ಹಾಳೆಗಳಲ್ಲಿ ಕವಿತೆಗಳೂ ಇದ್ದವು: ಊರಿನ ನೆನಪು, ಮನೆಯವರ ಹಂಬಲ. ಅವುಗಳಲ್ಲಿ ಕೆಲವನ್ನು ಆರಿಸಿ ಇಂಗ್ಲಿಷಿಗೆ ತಂದ ಪುಸ್ತಕ 1994ರಲ್ಲಿ ಬಂತು. ಅನುವಾದಕರು ಇಬ್ಬರು. ಒಬ್ಬರು ವಿಯೆಟ್ನಾಂ ಮೂಲದ ಥಾನ್ ನ್ಗುಯೆನ್, ಇನ್ನೊಬ್ಬರು ಅದೇ ಯುದ್ಧಕ್ಕೆ ಅಮೆರಿಕದ ಸೈನಿಕನಾಗಿ ಹೋಗಿಬಂದ ಕವಿ ಬ್ರೂಸ್ ವೈಗಲ್.